ಒಂದೊಂದು ವಿಜ್ಞಾನ ಒಂದೊಂದು ಕಡೆ ಎಡವುತ್ತದೆ

ಸುದ್ದಿಯ ಒಂದೇ ಪುಟದಲ್ಲಿ ನಾಲ್ಕು ವಿಷಯ ಇರಬಹುದು. ಭೌತವಿಜ್ಞಾನಿಗಳಿಗೆ ಹೊಸ ಕಣದ ಸುಳಿವು ಸಿಕ್ಕಿದೆ. ಎಂಜಿನಿಯರ್‌ಗಳು ಸೌರಕೋಶದ ದಕ್ಷತೆಯಲ್ಲಿ ಹೊಸ ದಾಖಲೆ ಮಾಡಿದ್ದಾರೆ. ಜನ ಸುಳ್ಳು ಹೇಳದಂತೆ ಮಾಡುವ ಸುಲಭ ಉಪಾಯವೊಂದನ್ನು ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು ಕಂಡುಕೊಂಡಿದ್ದಾರೆ. ಒಂದು ಪ್ರದೇಶದ ಜನ ಎತ್ತರವಾಗಿರುವುದಕ್ಕೆ ವಿಕಾಸವೇ ಕಾರಣ ಎಂದು ತಳಿವಿಜ್ಞಾನಿಗಳು ಹೇಳಿದ್ದಾರೆ. ನಾಲ್ಕಕ್ಕೂ ತಲೆಬರಹ ಮಾತ್ರ ಒಂದೇ: ‘ಹೊಸ ಸಂಶೋಧನೆ’. ನಾವೂ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಕೆಲವರು ಎಲ್ಲವನ್ನೂ ನಂಬಿಬಿಡುತ್ತಾರೆ. ಎಲ್ಲವನ್ನೂ ಅನುಮಾನಿಸುವವರೂ ಈಚೆಗೆ ಜಾಸ್ತಿಯಾಗಿದ್ದಾರೆ.

ಅನುಮಾನಕ್ಕೆ ಕಾರಣವೂ ಇದೆ. 2023ರ ಒಂದೇ ವರ್ಷದಲ್ಲಿ ಜಗತ್ತಿನ ಜರ್ನಲ್‌ಗಳು ತಾವೇ ಅಚ್ಚು ಹಾಕಿದ್ದ 10,000ಕ್ಕೂ ಹೆಚ್ಚು ಪ್ರಬಂಧಗಳನ್ನು ನಂಬುವಂತಿಲ್ಲ ಎಂದು ಹಿಂಪಡೆದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದ ಜರ್ನಲ್‌ಗಳವು. ಹೀಗಿರುವಾಗ ‘ಸಂಶೋಧನೆ ಅಂದ್ರೆ ಇಷ್ಟೇನಾ?’ ಎಂದು ಓದುಗರಿಗೆ ಅನ್ನಿಸುವುದು ಸಹಜ ಅಲ್ವಾ?

ಆದರೂ ಎಲ್ಲವನ್ನೂ ಒಂದೇ ಸಲಕ್ಕೆ ಪಕ್ಕಕ್ಕಿಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಈ ನಾಲ್ಕೂ ಕ್ಷೇತ್ರಗಳು ಎಡವಿವೆ, ಜೋರಾಗಿಯೇ ಎಡವಿವೆ. ಆದರೆ ಎಡವಿದ ಜಾಗ ಬೇರೆ ಬೇರೆ. ಒಂದು ಕಡೆ ಉಪಕರಣ ಕೈಕೊಡುತ್ತದೆ, ಇನ್ನೊಂದು ಕಡೆ ವಿವರಣೆ. ಮತ್ತೊಂದು ಕಡೆ ಡೇಟಾ ಫೈಲೇ ಸರಿಯಿರುವುದಿಲ್ಲ. ಮಗದೊಂದು ಕಡೆ ಯಾರನ್ನು ಅಳೆದರು ಎಂಬುದರಲ್ಲೇ ತೊಡಕಿರುತ್ತದೆ. ಆಯಾ ಕ್ಷೇತ್ರ ಎಲ್ಲಿ ಎಡವುತ್ತದೆ ಎಂದು ತಿಳಿದರೆ ಅದಕ್ಕೆ ಯಾವ ಪ್ರಶ್ನೆ ಕೇಳಬೇಕು ಎಂಬುದೂ ತಿಳಿಯುತ್ತದೆ. ಆ ತಪ್ಪನ್ನು ಹಿಡಿಯಲು ಬೇರೆಯವರಿಗೆ ದಾರಿ ಬಿಟ್ಟಿದ್ದಾರಾ ಎಂಬುದು ಅದಕ್ಕಿಂತ ಮುಖ್ಯ.

ಭೌತಶಾಸ್ತ್ರದಿಂದ ಶುರು ಮಾಡೋಣ. ಕಣಗಳ ಭೌತಶಾಸ್ತ್ರದಲ್ಲಿ ‘ಐದು ಸಿಗ್ಮಾ’ ಎಂಬ ಕಟ್ಟುನಿಟ್ಟಿನ ಅಳತೆಗೋಲು ಇದೆ. ಹೊಸತೇನೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಅಂಥ ಫಲಿತಾಂಶ ಬರುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದು ಮಾತ್ರ ಇರಬೇಕು. ಅಲ್ಲಿಯವರೆಗೆ ‘ಕಂಡುಹಿಡಿದೆವು’ ಎನ್ನುವಂತಿಲ್ಲ. 2012ರ ಜುಲೈ 4ರಂದು ಹಿಗ್ಸ್ ಕಣದ ಘೋಷಣೆ ಆದಾಗ ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ತಂಡಗಳು ಬೇರೆ ಬೇರೆ ಉಪಕರಣಗಳಿಂದ ಈ ಗಡಿ ಮುಟ್ಟಿದ್ದವು.

ಈ ಅಳತೆಗೋಲು ಎಷ್ಟೇ ಬಿಗಿಯಾಗಿದ್ದರೂ ಒಂದು ವಿಷಯದಲ್ಲಿ ಅದು ಕುರುಡು. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ತಂಡ ಒಂದು ಫಲಿತಾಂಶ ಪ್ರಕಟಿಸಿತು. ಜಿನೀವಾ ಬಳಿಯ ಸರ್ನ್ ಎಂಬ ಸಂಶೋಧನಾ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿಲೋಮೀಟರ್. ಅಷ್ಟು ದೂರವನ್ನು ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಬೇಗ ಕ್ರಮಿಸಿದಂತೆ ಕಂಡಿತ್ತು. 60 ನ್ಯಾನೋಸೆಕೆಂಡ್‌ನಲ್ಲಿ ಬೆಳಕು ಸಾಗುವುದು ಬರೀ 18 ಮೀಟರ್. ಆದರೂ ಅದು ನಿಜವಾಗಿದ್ದರೆ ಐನ್‌ಸ್ಟೈನ್ ಕಾಲದಿಂದ ಬಂದ ಭೌತಶಾಸ್ತ್ರದ ಬುಡವೇ ಅಲ್ಲಾಡುತ್ತಿತ್ತು. ಅಂಕಿಸಂಖ್ಯೆಯ ಲೆಕ್ಕದಲ್ಲಿ ಆ ಫಲಿತಾಂಶ ಆರು ಸಿಗ್ಮಾ ಇತ್ತು. ಅಂದರೆ ನಿಯಮ ಕೇಳುವುದಕ್ಕಿಂತಲೂ ಹೆಚ್ಚು.

ಕಡೆಗೆ ಸಿಕ್ಕಿದ್ದು ಸರಿಯಾಗಿ ಬಿಗಿಯಾಗದ ಒಂದು ಕೇಬಲ್. ಜಿಪಿಎಸ್‌ನಿಂದ ಸಮಯದ ಸಂಕೇತ ತರುವ ಆಪ್ಟಿಕಲ್ ಫೈಬರ್ ತನ್ನ ಜಾಗದಲ್ಲಿ ಪೂರ್ತಿ ಕೂತಿರಲಿಲ್ಲ. ಸಂಕೇತ ತಡವಾಗಿ ಬರುತ್ತಿತ್ತು, ಆದ್ದರಿಂದ ನ್ಯೂಟ್ರಿನೊ ಬೇಗ ಬಂದಂತೆ ಕಾಣುತ್ತಿತ್ತು. ಗಡಿಯಾರದಲ್ಲೂ ಇನ್ನೊಂದು ಸಣ್ಣ ದೋಷ ಇತ್ತು. ಅದೇ ಗ್ರಾನ್ ಸಾಸೊದಲ್ಲಿದ್ದ ಇಕಾರಸ್ ಎಂಬ ಇನ್ನೊಂದು ತಂಡ 2012ರಲ್ಲಿ ಬೇರೆಯಾಗಿ ಅಳೆದು ನ್ಯೂಟ್ರಿನೊ ಬೆಳಕನ್ನು ಮೀರುವುದಿಲ್ಲ ಎಂದಿತು. ತಪ್ಪಿದ ಗಡಿಯಾರದಿಂದ ಹದಿನೈದು ಸಾವಿರ ಸಲ ಅಳೆದರೂ ಉತ್ತರ ತಪ್ಪೇ. ಸಿಗ್ಮಾ ಎನ್ನುವುದು ಆಕಸ್ಮಿಕವನ್ನು ಅಳೆಯುತ್ತದೆ, ಸಡಿಲ ಕೇಬಲ್ಲನ್ನು ಅಳೆಯುವುದಿಲ್ಲ.

ಈ ಪ್ರಸಂಗ ಹೇಳಿ ಭೌತಶಾಸ್ತ್ರವನ್ನು ಹೀಗಳೆಯುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಆ ಕ್ಷೇತ್ರದ ಬಲ. ತಂಡದವರು ತಿಂಗಳುಗಟ್ಟಲೆ ತಪ್ಪು ಹುಡುಕಿದರು. ಸಿಗಲಿಲ್ಲ. ‘ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ನೋಡಿ’ ಎಂದು ಜಗತ್ತಿನ ಮುಂದಿಟ್ಟರು. ಒಂದು ವರ್ಷದೊಳಗೆ ವಿಷಯ ಇತ್ಯರ್ಥವಾಯಿತು.

ತಮ್ಮನ್ನೇ ತಾವು ನಂಬದಿರುವುದನ್ನು ಈ ಕ್ಷೇತ್ರದವರು ಒಂದು ಪದ್ಧತಿಯನ್ನಾಗಿ ಮಾಡಿಕೊಂಡಿದ್ದಾರೆ. ಗುರುತ್ವದ ಅಲೆಗಳನ್ನು ಹುಡುಕುವ ಲೈಗೋ ತಂಡದಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ಒಂದು ಸಂಕೇತ ಕಂಡಿತು. ನೂರಾರು ವಿಜ್ಞಾನಿಗಳು ತಿಂಗಳುಗಟ್ಟಲೆ ಅದನ್ನು ಜಾಲಾಡಿದರು, ಪ್ರಬಂಧವನ್ನೂ ಬರೆದು ಮುಗಿಸಿದರು. 2011ರ ಮಾರ್ಚ್‌ನಲ್ಲಿ ಎಲ್ಲರೂ ಸೇರಿದ ಸಭೆಯಲ್ಲಿ ಮುಚ್ಚಿದ ಲಕೋಟೆ ತೆರೆದರು. ಆ ಸಂಕೇತವನ್ನು ತಂಡದ ಕೆಲವೇ ಜನ ಬೇಕೆಂದೇ ಗುಟ್ಟಾಗಿ ಸೇರಿಸಿದ್ದರು. ನಿಜವಾದದ್ದು ಬಂದಾಗ ನಮ್ಮ ವಿಶ್ಲೇಷಣೆ ಅದನ್ನು ಹಿಡಿಯುತ್ತದಾ ಎಂದು ನೋಡುವುದಕ್ಕೆ. ಹೀಗೊಂದು ಪರೀಕ್ಷೆ ಇರಬಹುದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಾವುದು ಎಂದು ಮಾತ್ರ ಗೊತ್ತಿರಲಿಲ್ಲ. ನಿಜವಾದ ಅಲೆ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು. ಅಷ್ಟೆಲ್ಲ ತಯಾರಿ ಇದ್ದರೂ ಅವರು ಅದನ್ನು ಘೋಷಿಸಿದ್ದು ಮರುವರ್ಷ ಫೆಬ್ರವರಿಯಲ್ಲಿ.

ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಮ್ಯುಆನ್ ಎಂಬ ಕಣದ ಕಾಂತಗುಣವನ್ನು ಅಳೆದ ಪ್ರಯೋಗದಲ್ಲೂ ಇದೇ ಬಗೆಯ ಎಚ್ಚರ. ಅಳತೆಗೆ ಬಳಸುವ ಗಡಿಯಾರದ ನಿಜವಾದ ವೇಗವನ್ನು ತಂಡದ ಹೊರಗಿನವರು ಗುಟ್ಟಾಗಿ ಇಟ್ಟುಕೊಂಡಿದ್ದರು. ಉತ್ತರ ಏನು ಬರಬೇಕು ಎಂದು ಗೊತ್ತಿದ್ದರೆ ಕೈ ತಾನಾಗಿ ಆ ಕಡೆ ವಾಲುತ್ತದೆ. ಅದನ್ನು ತಪ್ಪಿಸಲು ಈ ಏರ್ಪಾಡು. 2021ರಲ್ಲಿ ಅಳತೆಗೂ ಸಿದ್ಧಾಂತಕ್ಕೂ 4.2 ಸಿಗ್ಮಾ ವ್ಯತ್ಯಾಸ ಕಂಡಾಗ ಹೊಸ ಭೌತಶಾಸ್ತ್ರವೇ ಸಿಕ್ಕಿತು ಎಂಬಷ್ಟು ಸಂಭ್ರಮ. 2025ರ ಜೂನ್‌ನಲ್ಲಿ ಕೊನೆಯ ಫಲಿತಾಂಶ ಬಂತು, ಅಳತೆ ಇನ್ನೂ ನಿಖರವಾಯಿತು, ಹಳೆಯ ಬೆಲೆಯೇ ಗಟ್ಟಿಯಾಯಿತು. ಅಷ್ಟರಲ್ಲಿ ಸಿದ್ಧಾಂತದವರು ಸೂಪರ್‌ಕಂಪ್ಯೂಟರ್‌ಗಳ ಮೇಲೆ ಮಾಡಿದ ಹೊಸ ಲೆಕ್ಕದಿಂದ ಅವರ ಸಂಖ್ಯೆಯೇ ಸರಿದು ಅಳತೆಯ ಹತ್ತಿರ ಬಂದಿತ್ತು. ಪ್ರಯೋಗ ತಪ್ಪಿರಲಿಲ್ಲ. ಹೋಲಿಸಲು ಇಟ್ಟುಕೊಂಡ ಸಂಖ್ಯೆ ಬದಲಾಯಿತು. ಇಂಥ ಸುದ್ದಿ ಓದುವಾಗ ‘ಯಾವುದಕ್ಕೆ ಹೋಲಿಸಿದ್ದಾರೆ’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಭೌತಶಾಸ್ತ್ರದಲ್ಲಿ ಮೋಸವೇ ಇಲ್ಲ ಎಂದೇನಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಭೌತವಿಜ್ಞಾನಿ ಯಾನ್ ಹೆಂಡ್ರಿಕ್ ಶೋನ್ 2002ರಲ್ಲಿ ಸಿಕ್ಕಿಬಿದ್ದದ್ದು ಬೇರೆ ಬೇರೆ ಪ್ರಯೋಗಗಳ ಗ್ರಾಫ್‌ಗಳಲ್ಲಿ ಅಂಕುಡೊಂಕಿನ ಗೆರೆಗಳು ಒಂದೇ ಥರ ಇದ್ದದ್ದರಿಂದ. ಮಾಮೂಲಿ ತಾಪಮಾನದ ಅತಿವಾಹಕ, ಅಂದರೆ ವಿದ್ಯುತ್ತಿಗೆ ರೋಧವೇ ಇಲ್ಲದ ವಸ್ತು, ಸಿಕ್ಕಿತು ಎಂಬ ಎರಡು ಪ್ರಬಂಧಗಳನ್ನು ನೇಚರ್ ಪತ್ರಿಕೆ 2022 ಮತ್ತು 2023ರಲ್ಲಿ ಹಿಂಪಡೆಯಿತು. ಎರಡೂ ಒಂದೇ ಪ್ರಯೋಗಾಲಯದವು. ಅಂಥದ್ದೇ ಅತಿವಾಹಕ ಎಂದು ಹೇಳಲಾದ ದಕ್ಷಿಣ ಕೊರಿಯಾದ ಎಲ್‌ಕೆ-99 ಎಂಬ ವಸ್ತುವಿನ ಕಥೆ ಮಾತ್ರ ಬೇರೆ ಬಗೆಯದು. 2023ರ ಜುಲೈನಲ್ಲಿ ಅದರ ಸುದ್ದಿ ಬಂತು, ತಯಾರಿಸುವ ವಿಧಾನವೂ ಜೊತೆಗೇ ಬಂತು. ಜಗತ್ತಿನ ತುಂಬ ಪ್ರಯೋಗಾಲಯಗಳು ಅದನ್ನು ಮಾಡಿ ನೋಡಿದವು. ಕೆಲವೇ ವಾರಗಳಲ್ಲಿ ಗೊತ್ತಾಯಿತು: ಅದರಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೂಪ ಬದಲಿಸುತ್ತದೆ, ರೋಧ ಥಟ್ಟನೆ ಇಳಿಯುವುದು ಅದರಿಂದ. ವಿಧಾನ ಬಿಚ್ಚಿಟ್ಟರೆ ತಪ್ಪು ಬೇಗ ಬಯಲಾಗುತ್ತದೆ.

ಎಂಜಿನಿಯರಿಂಗ್‌ನಲ್ಲಿ ಕಟ್ಟಿದ್ದು ನಿಲ್ಲಬೇಕು, ಮಾಡಿದ್ದು ಓಡಬೇಕು. ಹಾಗಾಗಿ ತಪ್ಪು ಬೇಗ ಗೊತ್ತಾಗುತ್ತದೆ ಎಂದುಕೊಳ್ಳುತ್ತೇವೆ. ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಬೇಗ ಗೊತ್ತಾಗುತ್ತದೆ, ನಿಜ. ಯಾಕೆ ಮಾಡುತ್ತದೆ ಎಂಬ ವಿವರಣೆ ಮಾತ್ರ ವರ್ಷಗಟ್ಟಲೆ ತಪ್ಪಾಗಿಯೇ ಉಳಿಯಬಹುದು.

ಲಂಡನ್ನಿನ ಮಿಲೆನಿಯಂ ಕಾಲುಸೇತುವೆಯನ್ನೇ ನೋಡಿ. 2000ದ ಜೂನ್ 10ರಂದು ಜನರಿಗೆ ತೆರೆದರು. ಜನ ತುಂಬಿದ ಕೂಡಲೇ ಸೇತುವೆ ಅಡ್ಡಡ್ಡ ತೂಗಾಡತೊಡಗಿತು. ಎರಡೇ ದಿನದಲ್ಲಿ ಮುಚ್ಚಿದರು. ಕಂಪನ ಹೀರುವ 90ರ ಹತ್ತಿರ ಡ್ಯಾಂಪರ್‌ಗಳನ್ನು ಅಳವಡಿಸಿ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ಅಲ್ಲಿಂದ ಅದು ಗಟ್ಟಿಯಾಗಿ ನಿಂತಿದೆ.

ಆಗ ಎಲ್ಲರೂ ಒಪ್ಪಿದ ವಿವರಣೆ ಹೀಗಿತ್ತು. ಸೇತುವೆ ಸ್ವಲ್ಪ ಅಲ್ಲಾಡಿತು, ಜನ ಅದರ ತಾಳಕ್ಕೆ ಹೆಜ್ಜೆ ಹಾಕತೊಡಗಿದರು, ಎಲ್ಲರ ಹೆಜ್ಜೆ ಒಂದಾಗಿ ಅಲ್ಲಾಟ ಜೋರಾಯಿತು. 2005ರಲ್ಲಿ ನೇಚರ್‌ನಲ್ಲಿ ಬಂದ ಒಂದು ಪ್ರಬಂಧ ಇದಕ್ಕೆ ಚಂದದ ಗಣಿತವನ್ನೂ ಕೊಟ್ಟಿತು. ಆದರೆ 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಇನ್ನೊಂದು ತಂಡ ಬೇರೆಯದೇ ಹೇಳಿತು. ಹೆಜ್ಜೆ ಒಂದಾಗಬೇಕಾದ ಅಗತ್ಯವೇ ಇಲ್ಲ. ಅಲ್ಲಾಡುವ ನೆಲದ ಮೇಲೆ ಬೀಳದಿರಲು ಪ್ರತಿಯೊಬ್ಬರೂ ಕಾಲನ್ನು ಸ್ವಲ್ಪ ಪಕ್ಕಕ್ಕೆ ಇಡುತ್ತಾರೆ. ಅವರವರ ನಡಿಗೆಯ ತಾಳ ಯಾವುದೇ ಇರಲಿ, ಒಟ್ಟು ಲೆಕ್ಕದಲ್ಲಿ ಅದು ಸೇತುವೆಯ ಅಲ್ಲಾಟಕ್ಕೆ ಇನ್ನಷ್ಟು ಶಕ್ತಿ ತುಂಬುತ್ತದೆ. ಹೆಜ್ಜೆ ಒಂದಾಗುವುದು ಆಮೇಲೆ, ಅಲ್ಲಾಟದ ಪರಿಣಾಮವಾಗಿ.

ಸೇತುವೆ ಹೇಗೂ ರಿಪೇರಿಯಾಗಿದೆ, ಕಾರಣ ಯಾವುದಾದರೇನು ಅನ್ನಬಹುದು. ಮುಂದಿನ ಸೇತುವೆಗೆ ಇದು ಬೇಕು. ಹಳೆಯ ವಿವರಣೆಯನ್ನೇ ಹಿಡಿದರೆ ಸೇತುವೆಯ ಸಹಜ ಕಂಪನ ಜನರ ನಡಿಗೆಯ ತಾಳಕ್ಕೆ ಹತ್ತಿರ ಇದೆಯಾ ಎಂದಷ್ಟೇ ನೋಡುತ್ತೀರಿ, ದೂರ ಇದ್ದರೆ ನಿಶ್ಚಿಂತೆಯಿಂದ ಇರುತ್ತೀರಿ. ಹೊಸ ವಿವರಣೆಯ ಪ್ರಕಾರ ಆ ನಿಶ್ಚಿಂತೆಗೆ ಆಧಾರ ಇಲ್ಲ. ಅಮೆರಿಕದ ಟಕೋಮಾ ಸೇತುವೆ 1940ರಲ್ಲಿ ಗಾಳಿಗೆ ಕುಸಿದಾಗಲೂ ಹೀಗೇ ಆಯಿತು. ಅದು ಸರಳ ಅನುರಣನ, ಅಂದರೆ ಗಾಳಿಯ ತಾಳ ಸೇತುವೆಯ ಸಹಜ ಕಂಪನಕ್ಕೆ ಕೂಡಿದ್ದು ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿಕೊಂಡು ಬಂದವು. ನಿಜವಾದ ಕಾರಣ ಸೇತುವೆಯ ತಿರುಚಾಟಕ್ಕೆ ಗಾಳಿಯೇ ಶಕ್ತಿ ತುಂಬುತ್ತಾ ಹೋದದ್ದು.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ಎಂಜಿನಿಯರಿಂಗ್ ಒಂದು ಒಳ್ಳೆಯ ರೂಢಿ ಬೆಳೆಸಿದೆ. ಪೆರೊವ್‌ಸ್ಕೈಟ್ ಎಂಬ ವಸ್ತುವಿನ ಸೌರಕೋಶಗಳು 2009ರಲ್ಲಿ ಶೇ 3.8 ದಕ್ಷತೆಯಿಂದ ಹೊರಟು ಈಗ ಶೇ 25 ದಾಟಿವೆ. ಈ ಕೋಶಗಳಲ್ಲಿ ವೋಲ್ಟೇಜ್ ಏರಿಸುತ್ತಾ ಅಳೆದರೆ ಒಂದು ಉತ್ತರ, ಇಳಿಸುತ್ತಾ ಅಳೆದರೆ ಇನ್ನೊಂದು ಉತ್ತರ ಬರುವುದುಂಟು. ಕೋಶದ ವಿಸ್ತೀರ್ಣವನ್ನು ಚೂರು ಕಡಿಮೆ ಲೆಕ್ಕ ಹಾಕಿದರೂ ದಕ್ಷತೆ ಏರಿಬಿಡುತ್ತದೆ. ಆದ್ದರಿಂದ ಅಧಿಕೃತ ದಾಖಲೆಗಳ ಪಟ್ಟಿಗೆ ಸೇರಬೇಕಾದರೆ ಕೋಶವನ್ನು ಬೇರೊಂದು ಮಾನ್ಯ ಪ್ರಯೋಗಾಲಯಕ್ಕೆ ಕಳಿಸಿ ಅಳೆಸಬೇಕು. ಮಾಡಿದವರ ಮಾತು ಸಾಲದು. ಬೇರೆ ಕ್ಷೇತ್ರಗಳಿಗೂ ಇದು ಬಂದರೆ ಎಷ್ಟೋ ತಲೆಬೇನೆ ತಪ್ಪುತ್ತದೆ.

ಮ್ಯಾನೇಜ್‌ಮೆಂಟ್ ಕ್ಷೇತ್ರದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಅಲ್ಲಿಯ ಒಂದು ಪ್ರಬಂಧವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ನಾವು ಫಾರ್ಮ್ ತುಂಬಿ ಕೊನೆಯಲ್ಲಿ ಸಹಿ ಹಾಕುತ್ತೇವೆ: ‘ಮೇಲಿನದೆಲ್ಲ ನಿಜ’. ಸಹಿಯನ್ನು ಮೊದಲೇ, ಮೇಲ್ಗಡೆಯೇ ಹಾಕಿಸಿದರೆ ಜನ ಪ್ರಾಮಾಣಿಕವಾಗಿ ತುಂಬುತ್ತಾರೆ ಎಂದು 2012ರಲ್ಲಿ ಐವರು ಸಂಶೋಧಕರು ಅಮೆರಿಕದ ಪಿಎನ್‌ಎಎಸ್ ಪತ್ರಿಕೆಯಲ್ಲಿ ಬರೆದರು. ಖರ್ಚಿಲ್ಲದ ಉಪಾಯ, ಯಾರಿಗಾದರೂ ಇಷ್ಟವಾಗುವಂಥದ್ದು. ಪ್ರಬಂಧದಲ್ಲಿ ಮೂರು ಪ್ರಯೋಗಗಳಿದ್ದವು. ಎರಡು ಪ್ರಯೋಗಾಲಯದಲ್ಲಿ ಮಾಡಿದ್ದು. ಮೂರನೆಯದು ಕಾರು ವಿಮಾ ಕಂಪನಿಯ ನಿಜವಾದ ಗ್ರಾಹಕರ ಮೇಲೆ. ಅವರು ಓಡೋಮೀಟರ್ ರೀಡಿಂಗ್ ಬರೆದುಕೊಡಬೇಕು. ಕಡಿಮೆ ಓಡಿಸಿದೆ ಎಂದರೆ ಪ್ರೀಮಿಯಂ ಕಡಿಮೆ, ಹಾಗಾಗಿ ಸುಳ್ಳು ಹೇಳಲು ಕಾರಣ ಇದೆ. ಮೇಲೆ ಸಹಿ ಹಾಕಿದವರು ಕೆಳಗೆ ಸಹಿ ಹಾಕಿದವರಿಗಿಂತ ಸರಾಸರಿ 2,400ಕ್ಕೂ ಹೆಚ್ಚು ಮೈಲಿ ಜಾಸ್ತಿ ಓಡಿಸಿದ್ದಾಗಿ ಬರೆದಿದ್ದರು, ಅಂದರೆ ಸುಮಾರು ಶೇ 10 ಜಾಸ್ತಿ. ಅಮೆರಿಕ ಸರ್ಕಾರ ಕೂಡ ತನ್ನ ಕೆಲವು ಫಾರ್ಮ್‌ಗಳಲ್ಲಿ ಇದನ್ನು ಮಾಡಿ ನೋಡಿತು.

2020ರಲ್ಲಿ ಅದೇ ಲೇಖಕರು ಇನ್ನಿಬ್ಬರ ಜೊತೆ ಸೇರಿ ಪ್ರಯೋಗವನ್ನು ದೊಡ್ಡದಾಗಿ ಮತ್ತೆ ಮಾಡಿದರು. ಪರಿಣಾಮ ಕಾಣಲಿಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಜೊತೆಗೆ 2012ರ ವಿಮಾ ಡೇಟಾವನ್ನೂ ಹೊರಗಿಟ್ಟರು. ಆ ಫೈಲನ್ನು ಹೆಸರು ಹೇಳಿಕೊಳ್ಳದ ಕೆಲವು ಸಂಶೋಧಕರು ಜಾಲಾಡಿ, ಡೇಟಾ ಕೊಲಾಡಾ ಎಂಬ ಬ್ಲಾಗ್ ನಡೆಸುವ ಮೂವರು ಪ್ರಾಧ್ಯಾಪಕರಿಗೆ ತೋರಿಸಿದರು. 2021ರ ಆಗಸ್ಟ್‌ನಲ್ಲಿ ಅವರು ಎಲ್ಲವನ್ನೂ ಬಿಡಿಸಿಟ್ಟರು.

13,488 ಗ್ರಾಹಕರು ಎಷ್ಟು ಓಡಿಸಿದ್ದಾರೆ ಎಂದು ಗ್ರಾಫ್ ಹಾಕಿದರೆ ಏನು ಕಾಣಬೇಕು? ತುಂಬ ಜನ ನಡುವಿನ ಯಾವುದೋ ಸಂಖ್ಯೆಯ ಸುತ್ತಮುತ್ತ ಇರಬೇಕು. ಕೆಲವರು ಬಹಳ ಕಡಿಮೆ, ಕೆಲವರು ಬಹಳ ಹೆಚ್ಚು ಓಡಿಸಿರಬೇಕು. ಇಲ್ಲಿ ಕಂಡದ್ದು ಚಪ್ಪಟೆ ಗೆರೆ. 500 ಮೈಲಿ ಓಡಿಸಿದವರೂ 10,000 ಮೈಲಿ ಓಡಿಸಿದವರೂ 40,000 ಮೈಲಿ ಓಡಿಸಿದವರೂ ಹೆಚ್ಚುಕಡಿಮೆ ಅಷ್ಟಷ್ಟೇ ಮಂದಿ. 50,000 ಮೈಲಿಗೆ ಬಂದ ಕೂಡಲೇ ಗೆರೆ ಕತ್ತರಿಸಿದ ಹಾಗೆ ನಿಂತಿತ್ತು. ಮನುಷ್ಯರು ಹಾಗೆ ಕಾರು ಓಡಿಸುವುದಿಲ್ಲ. ಕಂಪ್ಯೂಟರ್‌ಗೆ ‘ಸೊನ್ನೆಯಿಂದ 50,000ದವರೆಗೆ ಯಾವುದಾದರೂ ಸಂಖ್ಯೆ ಕೊಡು’ ಎಂದರೆ ಹೀಗೆ ಬರುತ್ತದೆ.

ಇನ್ನೂ ಇದೆ. ಜನ ಕೈಯಲ್ಲಿ ರೀಡಿಂಗ್ ಬರೆಯುವಾಗ ಸುಮ್ನೆ ಸಾವಿರಕ್ಕೆ, ನೂರಕ್ಕೆ ಸರಿಮಾಡಿ ಬರೆಯುತ್ತಾರೆ. ಕಂಪನಿಯ ಬಳಿ ಮೊದಲೇ ಇದ್ದ ಹಳೆಯ ರೀಡಿಂಗ್‌ಗಳಲ್ಲಿ ಹಾಗೇ ಇತ್ತು. ಈ ಪ್ರಯೋಗದ ಫಾರ್ಮ್‌ನಲ್ಲಿ ಬರೆದ ಎರಡನೆಯ ರೀಡಿಂಗ್‌ಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಮೊದಲ ರೀಡಿಂಗ್‌ಗಳ ಕಾಲಂನಲ್ಲಿ ಅರ್ಧ ಸಂಖ್ಯೆಗಳು ಕ್ಯಾಲಿಬ್ರಿ ಫಾಂಟ್‌ನಲ್ಲಿದ್ದವು, ಉಳಿದರ್ಧ ಕೇಂಬ್ರಿಯಾ ಫಾಂಟ್‌ನಲ್ಲಿ. ಒಂದು ಫಾಂಟ್‌ನ ಪ್ರತಿ ಸಾಲಿಗೂ ಇನ್ನೊಂದು ಫಾಂಟ್‌ನಲ್ಲಿ ಅವಳಿಯಂಥ ಸಾಲು ಸಿಗುತ್ತಿತ್ತು, ನಡುವಿನ ವ್ಯತ್ಯಾಸ 1,000 ಮೈಲಿಯೊಳಗೆ. ಇದ್ದ ಸಾಲುಗಳಿಗೆ ಚೂರು ಕೂಡಿಸಿ ಹೊಸ ಸಾಲು ಹುಟ್ಟಿಸಿದಂತೆ.

ಸೆಪ್ಟೆಂಬರ್‌ನಲ್ಲಿ ಪ್ರಬಂಧವನ್ನು ಹಿಂಪಡೆದರು. ತಾನು ಕೊಟ್ಟ ಡೇಟಾ ಹೀಗಿರಲಿಲ್ಲ ಎಂದು ವಿಮಾ ಕಂಪನಿ ಆಮೇಲೆ ಹೇಳಿತು. ಫೈಲನ್ನು ತಂದ ಲೇಖಕರು ತಾವು ತಿದ್ದಿಲ್ಲ ಎಂದಿದ್ದಾರೆ. ಅದೇ ಪ್ರಬಂಧದ ಇನ್ನೊಂದು ಪ್ರಯೋಗದ ಬಗ್ಗೆ 2023ರಲ್ಲಿ ಬೇರೆಯೇ ಪ್ರಶ್ನೆಗಳೆದ್ದವು. ಆ ಪ್ರಯೋಗಕ್ಕೆ ಸಂಬಂಧಿಸಿದ ಲೇಖಕಿ ಫ್ರಾಂಚೆಸ್ಕಾ ಜಿನೊ ಅವರ ಕಾಯಂ ಹುದ್ದೆಯನ್ನು ಹಾರ್ವರ್ಡ್ 2025ರ ಮೇನಲ್ಲಿ ಹಿಂತೆಗೆದುಕೊಂಡಿತು. ಅವರು ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ.

ನನಗೆ ಇದರಲ್ಲಿ ಕಾಡುವುದು ಒಂಬತ್ತು ವರ್ಷ ಎಂಬ ಆ ಅವಧಿ. ಒಪೆರಾದ ತಪ್ಪು ತಿಂಗಳುಗಳಲ್ಲಿ ಸಿಕ್ಕಿತು, ಎಲ್‌ಕೆ-99 ವಾರಗಳಲ್ಲಿ. ವಿಮೆಯ ಫೈಲನ್ನು ತೆರೆದು ಒಂದು ಗ್ರಾಫ್ ಹಾಕಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಯಾರೂ ತೆರೆಯಲಿಲ್ಲ, ಯಾಕೆಂದರೆ ತೆರೆಯಲು ಫೈಲ್ ಹೊರಗಿರಲಿಲ್ಲ. ಈ ಕ್ಷೇತ್ರದ ಡೇಟಾ ಬಹಳ ಸಲ ಕಂಪನಿಗಳದ್ದು, ಗುಟ್ಟಿನ ಒಪ್ಪಂದದಡಿ ಬಂದದ್ದು. ಅದೇ ಕಂಪನಿಗೆ ಇನ್ನೊಬ್ಬರು ಹೋಗಿ ಅದೇ ಪ್ರಯೋಗ ಮಾಡುವಂತಿಲ್ಲ. ಇಕಾರಸ್‌ನಂಥ ಪಕ್ಕದ ತಂಡ ಇಲ್ಲಿ ಇರುವುದಿಲ್ಲ.

ನಿಯಮ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಮ್ಯಾನೇಜ್‌ಮೆಂಟ್ ಸೈನ್ಸ್ ಎಂಬ ಜರ್ನಲ್ 2019ರಲ್ಲಿ ಡೇಟಾ ಮತ್ತು ಕೋಡ್ ಕೊಡಬೇಕೆಂದು ನಿಯಮ ಮಾಡಿತು. ಆಮೇಲೆ 700ಕ್ಕೂ ಹೆಚ್ಚು ಪರಿಶೀಲಕರು ಸೇರಿ ಸುಮಾರು 500 ಪ್ರಬಂಧಗಳ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ನಿಯಮಕ್ಕೆ ಮೊದಲು ಶೇ 12ರಷ್ಟು ಪ್ರಬಂಧಗಳಷ್ಟೇ ತಾವಾಗಿ ಸಾಮಗ್ರಿ ಕೊಟ್ಟಿದ್ದವು. ಅವುಗಳಲ್ಲೂ ಅದೇ ಉತ್ತರ ಬಂದದ್ದು ಶೇ 55ರಲ್ಲಿ. ನಿಯಮ ಬಂದ ಮೇಲೆ, ಡೇಟಾ ಕೈಗೆ ಸಿಕ್ಕ ಪ್ರಬಂಧಗಳಲ್ಲಿ ಶೇ 95ಕ್ಕೂ ಹೆಚ್ಚು ತಾಳೆಯಾದವು. ಆದರೆ ಶೇ 29ರಲ್ಲಿ ಡೇಟಾದ ಒಂದು ಭಾಗವಾದರೂ ಸಿಗಲಿಲ್ಲ. ಎಲ್ಲ ಸೇರಿಸಿ ನೋಡಿದರೆ ತಾಳೆಯಾದದ್ದು ಶೇ 68. ಅದೇ ಜರ್ನಲ್, ಅದೇ ಕ್ಷೇತ್ರ. ಬದಲಾದದ್ದು ಒಂದು ನಿಯಮ.

ವಿಕಾಸದ ತಳಿವಿಜ್ಞಾನದಲ್ಲಿ ಡೇಟಾ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಅಲ್ಲಿಯ ತೊಡಕು ಸೂಕ್ಷ್ಮವಾದದ್ದು. ಉತ್ತರ ಯುರೋಪಿನವರು ದಕ್ಷಿಣದವರಿಗಿಂತ ಸರಾಸರಿ ಎತ್ತರ. ಇದಕ್ಕೆ ನಿಸರ್ಗದ ಆಯ್ಕೆ ಕಾರಣ ಎಂದು 2012ರಿಂದ ಈಚೆಗೆ ಹಲವು ಅಧ್ಯಯನಗಳು ಹೇಳಿದವು. ಎತ್ತರಕ್ಕೆ ಸಂಬಂಧಿಸಿದ ನೂರಾರು ಜೀನ್ ರೂಪಾಂತರಗಳನ್ನು ಗುರುತಿಸಿ, ಎತ್ತರ ಹೆಚ್ಚಿಸುವವು ಉತ್ತರದಲ್ಲಿ ಜಾಸ್ತಿ ಎಂದು ತೋರಿಸಿದವು. ಆಧಾರ ಜೈಂಟ್ ಎಂಬ ಒಕ್ಕೂಟದ ಡೇಟಾ. 2014ರ ಹೊತ್ತಿಗೆ ಅದರಲ್ಲಿ ಎರಡೂವರೆ ಲಕ್ಷ ಜನರ ಮಾಹಿತಿ ಇತ್ತು. ಹಲವು ದೇಶಗಳ, ಹಲವು ಅಧ್ಯಯನಗಳ ಡೇಟಾ ಕೂಡಿಸಿದ್ದು.

2019ರಲ್ಲಿ ಇಲೈಫ್ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಒಟ್ಟಿಗೆ ಬಂದವು. ಅದೇ ಲೆಕ್ಕವನ್ನು ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಡೇಟಾದಿಂದ ಮಾಡಿದಾಗ ಆ ಸಂಕೇತ ಬಹುಪಾಲು ಕರಗಿಹೋಗಿತ್ತು. ಬಯೋಬ್ಯಾಂಕ್‌ನಲ್ಲಿ ಸುಮಾರು ಐದು ಲಕ್ಷ ಜನ, ಎಲ್ಲರೂ ಒಂದೇ ದೇಶದವರು, ಒಂದೇ ವಿಧಾನದಲ್ಲಿ ಅಳೆದದ್ದು.

ಯಾಕೆ ಹೀಗಾಯಿತು? ಉತ್ತರದವರು ಪರಿಸರ ಅಥವಾ ಆರೋಗ್ಯದ ಕಾರಣಕ್ಕೆ ಸ್ವಲ್ಪ ಎತ್ತರ ಇದ್ದಾರೆ ಎಂದಿಟ್ಟುಕೊಳ್ಳಿ. ಯಾವುದೋ ಜೀನ್ ರೂಪಾಂತರ ಬರೀ ಇತಿಹಾಸದ ಆಕಸ್ಮಿಕದಿಂದ ಉತ್ತರದಲ್ಲಿ ಜಾಸ್ತಿ ಇದೆ. ಉತ್ತರದವರನ್ನೂ ದಕ್ಷಿಣದವರನ್ನೂ ಬೆರೆಸಿ ಲೆಕ್ಕ ಹಾಕಿದರೆ ಆ ರೂಪಾಂತರವೇ ಎತ್ತರ ಕೊಡುತ್ತದೆ ಎಂದು ಕಾಣುತ್ತದೆ. ಸಂಶೋಧಕರಿಗೆ ಇದು ಗೊತ್ತಿರದ ವಿಷಯವಲ್ಲ, ಸರಿಪಡಿಸುವ ಗಣಿತವನ್ನೂ ಬಳಸಿದ್ದರು. ಆದರೆ ಚೂರು ಉಳಿದುಕೊಂಡಿತ್ತು. ಒಂದೊಂದು ರೂಪಾಂತರದಲ್ಲಿ ಆ ಚೂರು ಕಣ್ಣಿಗೇ ಕಾಣದಷ್ಟು. ನೂರಾರನ್ನು ಕೂಡಿಸಿದಾಗ ಎಲ್ಲವೂ ಒಂದೇ ದಿಕ್ಕಿಗೆ ವಾಲುತ್ತವೆ, ಕಡೆಗೆ ದೊಡ್ಡ ಸಂಕೇತವಾಗಿ ನಿಲ್ಲುತ್ತವೆ. ಜನರ ಸಂಖ್ಯೆ ಹೆಚ್ಚಿಸಿದರೆ ಈ ತಪ್ಪು ಹೋಗುವುದಿಲ್ಲ.

ಈ ತಿದ್ದುಪಡಿ ತಂದವರಲ್ಲಿ ಹಳೆಯ ಫಲಿತಾಂಶ ಕೊಟ್ಟವರೇ ಕೆಲವರು ಇದ್ದರು. ತಮ್ಮ ಹೆಸರಿನ ಕೆಲಸವನ್ನು ತಾವೇ ಬಿಚ್ಚಿ ತೋರಿಸಿದರು. ಅದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. ಯಾಕೆಂದರೆ ಈ ಕ್ಷೇತ್ರದ ತಪ್ಪಿಗೆ ಬೇರೆಯೇ ತೂಕ ಇದೆ. ‘ಇಂಥ ಜನ ಹುಟ್ಟಿನಿಂದಲೇ ಹೀಗೆ’ ಎಂಬ ಮಾತಿಗೆ ಆಧಾರ ಹುಡುಕುವವರು ಯಾವಾಗಲೂ ಇರುತ್ತಾರೆ. ಎತ್ತರದಂತಹ ಸುಲಭವಾಗಿ ಅಳೆಯಬಹುದಾದ ಗುಣದಲ್ಲೇ ಇಷ್ಟು ಎಡವಟ್ಟಾದರೆ ಬುದ್ಧಿ, ಸ್ವಭಾವದ ಬಗ್ಗೆ ಜನಾಂಗಗಳನ್ನು ಹೋಲಿಸುವ ಮಾತುಗಳನ್ನು ಎಷ್ಟು ಎಚ್ಚರದಿಂದ ನೋಡಬೇಕು!

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಒಂದೇ ಮನೆಯ ಅಣ್ಣತಮ್ಮ, ಅಕ್ಕತಂಗಿಯರನ್ನು ಹೋಲಿಸಿದರೆ ಪ್ರದೇಶದ ವ್ಯತ್ಯಾಸ ತಾನಾಗಿ ಬಿದ್ದುಹೋಗುತ್ತದೆ. 2022ರಲ್ಲಿ 1,78,086 ಸಹೋದರ ಸಹೋದರಿಯರ ಡೇಟಾದಿಂದ ಇಂಥ ಅಧ್ಯಯನ ಬಂತು. ಅದರಲ್ಲಿ ಎತ್ತರದ ಮೇಲೆ ಆಯ್ಕೆ ನಡೆದಿರುವ ಸುಳಿವು ಮತ್ತೆ ಕಂಡಿತು. ಹಳೆಯ ಪುರಾವೆ ಬಿದ್ದುಹೋಯಿತು, ಪ್ರಶ್ನೆ ಹೊಸ ಪುರಾವೆಯೊಂದಿಗೆ ಬದುಕಿದೆ. ಇದನ್ನು ‘ವಿಜ್ಞಾನಿಗಳು ಮಾತು ಬದಲಿಸಿದರು’ ಎಂದು ಓದಬಾರದು.

ಇದೇ ಕ್ಷೇತ್ರದ ಇನ್ನೊಂದು ತಪ್ಪು ಬೇಗ ತಿದ್ದಿದ್ದಕ್ಕೆ ಹೆಸರಾಗಿದೆ. ಇಥಿಯೋಪಿಯಾದ ಮೋಟಾ ಗುಹೆಯಲ್ಲಿ ಸಿಕ್ಕ 4,500 ವರ್ಷ ಹಳೆಯ ಅಸ್ಥಿಪಂಜರದ ಜೀನೋಮ್ 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಯುರೇಷಿಯಾದಿಂದ ಮರಳಿ ಬಂದವರ ವಂಶದ ಗುರುತು ಆಫ್ರಿಕಾದ ಮೂಲೆ ಮೂಲೆಯಲ್ಲೂ ಇದೆ ಎಂದಿತು ಪ್ರಬಂಧ. ಬೇರೆ ತಂಡದ ಇಬ್ಬರು ಲೆಕ್ಕ ಮಾಡಿದಾಗ ಹಾಗೆ ಬರಲಿಲ್ಲ. ಲೇಖಕರನ್ನು ಕೇಳಿದರು. ಎರಡು ಸಾಫ್ಟ್‌ವೇರ್‌ಗಳ ನಡುವೆ ಡೇಟಾವನ್ನು ಹೊಂದಿಸುವ ಒಂದು ಹಂತ ಬಿಟ್ಟುಹೋಗಿದ್ದು ಗೊತ್ತಾಯಿತು. ಲೇಖಕರು ತಡಮಾಡದೆ ತಿದ್ದುಪಡಿ ಹಾಕಿದರು. ಪೂರ್ವ ಆಫ್ರಿಕಾದ ಮಾತು ಉಳಿಯಿತು, ಇಡೀ ಖಂಡದ ಮಾತು ಹೋಯಿತು. ಡೇಟಾ ತೆರೆದಿದ್ದರಿಂದ ಇದು ತಿಂಗಳುಗಳಲ್ಲಿ ಆಯಿತು.

ಇವುಗಳಲ್ಲಿ ಬಹಳಷ್ಟು ಕಡೆ ತಪ್ಪು ಹಿಡಿದವರು ಬೇರೆಯವರ ಕೆಲಸವನ್ನು ಮತ್ತೆ ಮಾಡಿದವರು. ಆ ಕೆಲಸಕ್ಕೆ ಹೆಸರಿಲ್ಲ, ಬಡ್ತಿ ಇಲ್ಲ, ಹಣ ಅಂತೂ ಇಲ್ಲ. ಕೆಲವೊಮ್ಮೆ ಕೇಸ್ ಬೀಳುತ್ತದೆ. ಡೇಟಾ ಕೊಲಾಡಾದ ಮೂವರು ಮತ್ತು ಹಾರ್ವರ್ಡ್ ಮೇಲೆ 2023ರಲ್ಲಿ 2.5 ಕೋಟಿ ಡಾಲರ್ ಪರಿಹಾರ ಕೇಳಿ ಜಿನೊ ಮೊಕದ್ದಮೆ ಹೂಡಿದರು. ವಕೀಲರ ಖರ್ಚಿಗೆ ಸಂಶೋಧಕರೂ ಸಾರ್ವಜನಿಕರೂ 3 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಮಾನನಷ್ಟದ ಆರೋಪವನ್ನು ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ತಾವು ಕಂಡದ್ದನ್ನು ಆಧಾರ ಸಮೇತ ಬರೆದವರು ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಭಾರ ಹೊತ್ತಿದ್ದರು.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಎರರ್ ಎಂಬ ಯೋಜನೆ ಶುರುವಾಗಿದೆ. ಹೆಚ್ಚು ಉಲ್ಲೇಖವಾಗುವ ಪ್ರಬಂಧಗಳನ್ನು ಆರಿಸಿ, ತಪ್ಪು ಹುಡುಕುವವರಿಗೆ ಹಣ ಕೊಡುತ್ತಾರೆ. ದೊಡ್ಡ ತಪ್ಪು ಸಿಕ್ಕರೆ ಇನ್ನಷ್ಟು. ಒಳ್ಳೆಯ ಹೆಜ್ಜೆ. ಆದರೆ ಲೇಖಕರು ಒಪ್ಪಿದರೆ ಮಾತ್ರ ಪರಿಶೀಲನೆ. ಒಪ್ಪುವವರು ಬಹುಮಟ್ಟಿಗೆ ತಮ್ಮ ಕೆಲಸದ ಬಗ್ಗೆ ಧೈರ್ಯ ಇರುವವರೇ ಆಗಿರುತ್ತಾರೆ.

ಉಳಿದವರ ವಿಷಯದಲ್ಲಿ ಜರ್ನಲ್‌ಗಳೇ ಗಟ್ಟಿಯಾಗಬೇಕು. ಎಷ್ಟೋ ಜರ್ನಲ್‌ಗಳಿಗೆ ಈಗಲೂ ‘ಡೇಟಾವನ್ನು ಕೇಳಿದವರಿಗೆ ಕೊಡುತ್ತೇವೆ’ ಎಂಬ ಒಂದು ಸಾಲು ಸಾಕು. ಆ ಸಾಲಿಗೆ ಎಷ್ಟು ಬೆಲೆ ಎಂದು ವೈದ್ಯಕೀಯ ಮತ್ತು ಜೀವವಿಜ್ಞಾನದ ಪ್ರಬಂಧಗಳಲ್ಲಿ ಒಂದು ತಂಡ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿತು. ಕೊಡುತ್ತೇವೆ ಎಂದು ಬರೆದಿದ್ದ 1,792 ಪ್ರಬಂಧಗಳ ಲೇಖಕರನ್ನು ಕೇಳಿದರು. ಉತ್ತರಿಸಿದವರು 254. ಡೇಟಾ ಕೊಟ್ಟವರು 122. ಜರ್ನಲ್‌ಗಳು ಆ ಸಾಲನ್ನು ಒಪ್ಪುವುದನ್ನು ಇವತ್ತೇ ನಿಲ್ಲಿಸಬೇಕು. ಪ್ರಬಂಧ ಅಚ್ಚಾಗುವ ದಿನವೇ ಫೈಲೂ ಹೊರಗೆ ಬರಬೇಕು. ಗುಟ್ಟಿನ ಡೇಟಾ ಆಗಿದ್ದರೆ ಜರ್ನಲ್ ನೇಮಿಸಿದ ಒಬ್ಬರಾದರೂ ಅದನ್ನು ತೆರೆದು ಲೆಕ್ಕ ಮಾಡಿ ನೋಡಿರಬೇಕು.